ಯಾವ ಸೋಮಾರಿತನ ದುಬಾರಿ, ಯಾವುದು ಪುಕ್ಕಟೆ: ಮನೆ ದುಡ್ಡು ಉಳಿಸಿಕೊಳ್ಳುವ ದಾರಿ

ಬೆಳಿಗ್ಗೆ ಐದಕ್ಕೆ ಏಳಿ, ಎಲ್ಲ ಡಬ್ಬಿಗೂ ಚೀಟಿ ಅಂಟಿಸಿ, ದಿನದ ಖರ್ಚನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆಯಿರಿ ಅಂತ ಹೇಳುವ ಬರಹ ಇದಲ್ಲ. ಅಂಥ ಸಲಹೆ ಎರಡು ದಿನ ನಡೆಯುತ್ತದೆ. ಮೂರನೇ ದಿನ ನೋಟ್‌ಬುಕ್ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಮೈಗಳ್ಳತನ ಅಷ್ಟು ಸುಲಭಕ್ಕೆ ಹೋಗೋದಿಲ್ಲ, ಇರಲಿ ಬಿಡಿ.

ಆದರೆ ಎಲ್ಲ ಸೋಮಾರಿತನಕ್ಕೂ ಒಂದೇ ರೇಟ್ ಇಲ್ಲ. ಹಾಸಿಗೆ ಮಡಚದೆ ಬಿಟ್ಟರೆ ಒಂದು ಪೈಸೆಯೂ ಹೋಗೋದಿಲ್ಲ. ಬೈಕಿನ ಇನ್ಶೂರೆನ್ಸ್ ಒಂದು ವಾರ ಮರೆತರೆ ಸಾವಿರಗಟ್ಟಲೆ ಹೋಗಬಹುದು. ನಮ್ಮ ಮನೆಗಳಲ್ಲಿ ನಡೆಯೋದು ಉಲ್ಟಾ. ಹತ್ತು ರೂಪಾಯಿಯ ಕೊತ್ತಂಬರಿ ಕಟ್ಟು ಕೊಳೆತರೆ ಅರ್ಧ ಗಂಟೆ ಮಾತು ಬೆಳೆಯುತ್ತದೆ, ಕಪಾಟಿನಲ್ಲಿ ತಾರೀಕು ದಾಟಿದ ಕಾಗದ ಬಿದ್ದಿದ್ದರೆ ಯಾರೂ ತುಟಿ ಬಿಚ್ಚೋದಿಲ್ಲ. ಯಾಕಂದ್ರೆ ಕೊತ್ತಂಬರಿ ಕಣ್ಣಿಗೆ ಕಾಣುತ್ತದೆ, ನಾರುತ್ತದೆ. ಕಾಗದ ನಾರೋದಿಲ್ಲ.

ಅದಕ್ಕೇ ಇಲ್ಲಿ ದುಬಾರಿ ಸೋಮಾರಿತನದಿಂದ ಶುರು ಮಾಡಿ ಅಗ್ಗದ್ದರ ಕಡೆ ಬರುತ್ತೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮನೆಗಳನ್ನೇ ಕಣ್ಣ ಮುಂದೆ ಇಟ್ಟುಕೊಂಡಿದ್ದೇನೆ. ಉಳಿದ ಕಡೆಯವರು ಜೋಳದ ಜಾಗದಲ್ಲಿ ಅಕ್ಕಿ ಇಟ್ಟುಕೊಂಡು ಓದಿ.

ಮೊದಲು ಕಪಾಟು, ಆಮೇಲೆ ಅಡುಗೆಮನೆ

ತಾರೀಕು ಇರುವ ಕೆಲಸಗಳೇ ಎಲ್ಲಕ್ಕಿಂತ ಜಾಸ್ತಿ ದುಡ್ಡು ತಿನ್ನುತ್ತವೆ. "ನಾಳಿ ನೋಡೂಣ ಬಿಡ್ರಿ" ಅಂದ ಕೂಡಲೇ ಬಡ್ಡಿ, ದಂಡ ಶುರು. ಹಾಗಾದರೆ ತಾರೀಕು ನೆನಪಿಡೋದು ಹೇಗೆ? ನೆನಪಿಡಬೇಡಿ. ಹಬ್ಬಕ್ಕೆ ಕಟ್ಟಿ ಹಾಕಿ. ಹಬ್ಬ ಯಾರೂ ಮರೆಯೋದಿಲ್ಲ, ಮರೆತರೂ ಓಣಿಯವರು ನೆನಪಿಸುತ್ತಾರೆ.

ಯುಗಾದಿ ಬಂತು ಅಂದರೆ ಮನೆ ಕರ. ನಮ್ಮ ಕಡೆ ಕೆಲವರು ಮನೆ ಪಟ್ಟಿ ಅನ್ನುತ್ತಾರೆ. ನಗರಸಭೆ, ಮಹಾನಗರ ಪಾಲಿಕೆಗಳಲ್ಲಿ ಆರ್ಥಿಕ ವರ್ಷದ ಮೊದಲ ತಿಂಗಳು, ಅಂದರೆ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇಕಡಾ 5 ರಿಯಾಯಿತಿ ಸಿಗುತ್ತದೆ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಆಮೇಲೆ ತಿಂಗಳಿಗೆ ಶೇಕಡಾ 2ರಂತೆ ದಂಡ ಬೀಳುತ್ತಾ ಹೋಗುತ್ತದೆ. ಅದೇ ಮನೆ, ಅದೇ ಕರ. ಏಪ್ರಿಲ್‌ನಲ್ಲಿ ಕಟ್ಟಿದವನಿಗೂ ಮುಂದಿನ ಮಾರ್ಚ್‌ನಲ್ಲಿ ಕಟ್ಟಿದವನಿಗೂ ನೂರಕ್ಕೆ ಇಪ್ಪತ್ತು ರೂಪಾಯಿ ದಾಟಿದ ಫರಕು. ಯಾವ ಬ್ಯಾಂಕಿನ ಠೇವಣಿ ಇಷ್ಟು ಕೊಡುತ್ತದೆ ಹೇಳಿ?

ಬಸವ ಜಯಂತಿಗೆ ಬ್ಯಾಂಕ್ ಖಾತೆ ನೋಡಿ. ಪ್ರಧಾನ ಮಂತ್ರಿ ಹೆಸರಿನ ಎರಡು ವಿಮೆಗಳಿವೆ. ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಜೀವನ್ ಜ್ಯೋತಿ 436 ರೂಪಾಯಿ. ಒಂದು ಅಪಘಾತಕ್ಕೆ, ಇನ್ನೊಂದು ಯಾವ ಕಾರಣದಿಂದ ಸಾವು ಬಂದರೂ. ಎರಡರಲ್ಲೂ 2 ಲಕ್ಷ. ಇವು ಜೂನ್ 1ರಿಂದ ಮುಂದಿನ ಮೇ 31ರವರೆಗೆ ಇರುತ್ತವೆ, ಮೇ ಕೊನೆಯ ವಾರದಲ್ಲಿ ಹಣ ತಾನಾಗಿ ಕಡಿತವಾಗುತ್ತದೆ. ಖಾತೆಯಲ್ಲಿ ಅಷ್ಟೂ ದುಡ್ಡು ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ, ಯಾರೂ ಮನೆಗೆ ಬಂದು ಹೇಳೋದಿಲ್ಲ. 456 ರೂಪಾಯಿ ಮತ್ತು ಒಂದಿಷ್ಟು ಮೇಲ್ದುಡ್ಡು ಬಿಟ್ಟಿರಿ, ಮುಗಿಯಿತು. ಪಾಸ್‌ಬುಕ್ ಎಂಟ್ರಿ ಮಾಡಿಸಿ ಎರಡು ವರ್ಷವಾದ ಮನೆಯಲ್ಲಿ ಈ ವಿಮೆ ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗೋದು ಬೇಡದ ಹೊತ್ತಿನಲ್ಲೇ.

ಕಾರ ಹುಣ್ಣಿಮೆ ಮುಗಿದ ಕೂಡಲೇ ಆದಾಯ ತೆರಿಗೆ ರಿಟರ್ನ್. ಸಂಬಳದವರಿಗೆ ಕೊನೆ ದಿನ ಸಾಮಾನ್ಯವಾಗಿ ಜುಲೈ 31. ದಾಟಿದರೆ 5,000 ರೂಪಾಯಿ ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000. ಪ್ಯಾನ್‌ಗೆ ಆಧಾರ್ ಜೋಡಿಸಿ ಅಂತ ಸರ್ಕಾರ ಹೇಳಿದಾಗ ಏನಾಯಿತು ನೆನಪಿದೆಯಾ? 2022ರ ಮಾರ್ಚ್ ಕೊನೆಯವರೆಗೆ ಪುಕ್ಕಟೆ ಇತ್ತು. ಆಮೇಲೆ 500 ಆಯಿತು. ಜುಲೈನಿಂದ 1,000. ಕೆಲಸ ಅದೇ, ಮೊಬೈಲಿನಲ್ಲಿ ಐದು ನಿಮಿಷದ್ದು.

ಹೊಲ ಇರುವವರಿಗೆ ಇದಕ್ಕಿಂತ ದೊಡ್ಡದು ಸೊಸೈಟಿ ಸಾಲ. ಸಹಕಾರ ಸಂಘದ ಬೆಳೆ ಸಾಲ 5 ಲಕ್ಷದವರೆಗೆ ಬಡ್ಡಿ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಹೇಳಿದ ತಾರೀಕಿಗೆ ಕಟ್ಟಿದವರಿಗೆ ಮಾತ್ರ ಅನ್ನೋದು ಬಹಳ ಜನರಿಗೆ ತಾರೀಕು ದಾಟಿದ ಮೇಲೆ ಗೊತ್ತಾಗುತ್ತದೆ. ಕೈಯಲ್ಲಿ ದುಡ್ಡು ಇಲ್ಲದೆ ದಾಟಿದ್ದರೆ ಆ ಮಾತು ಬೇರೆ, ಅದು ಕಷ್ಟ. ಕಬ್ಬಿನ ಬಿಲ್ಲು ಬಂದು ಖಾತೆಯಲ್ಲಿ ದುಡ್ಡು ಕೂತಿರುವಾಗ "ಮುಂದಿನ ವಾರ ಹೋದರಾಯ್ತು" ಅಂತ ಬಿಟ್ಟು ಬಡ್ಡಿ ಕಟ್ಟಿದರೆ ಅದು ಸೋಮಾರಿತನದ ಬಡ್ಡಿ.

ಬೈಕಿನದು ಹಬ್ಬಕ್ಕೆ ಹೊಂದಲ್ಲ, ಕೊಂಡ ದಿನಕ್ಕೆ ಹೊಂದುತ್ತದೆ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಮತ್ತೆ ಸಿಕ್ಕರೆ 4,000. ದಂಡ ಬಿಡಿ, ಅದೇ ದಿನ ಯಾರಿಗಾದರೂ ಗಾಡಿ ತಾಗಿದರೆ ಪರಿಹಾರ ಕೈಯಿಂದ ಕೊಡಬೇಕು, ಹೊಲ ಮಾರಿದವರಿದ್ದಾರೆ. ಇನ್ನೊಂದು ಸಣ್ಣ ವಿಷಯ: ಕ್ಲೇಮ್ ಮಾಡದೆ ವರ್ಷಗಟ್ಟಲೆ ಕೂಡಿಸಿದ ಬೋನಸ್ ರಿಯಾಯಿತಿ, ಅವಧಿ ಮುಗಿದು 90 ದಿನ ದಾಟಿದರೆ ಹೋಗಿಬಿಡುತ್ತದೆ.

ಇವನ್ನೆಲ್ಲ ಎಲ್ಲಿ ಬರೆಯೋದು? ಮೊಬೈಲಿನಲ್ಲಿ ಆ್ಯಪ್ ಹುಡುಕಬೇಡಿ. ಅಡುಗೆಮನೆ ಗೋಡೆಗೆ ಕ್ಯಾಲೆಂಡರ್ ಇರುತ್ತದಲ್ಲ, ಹಾಲು ಬಾರದ ದಿನ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಬರೆಯುತ್ತೀರಲ್ಲ, ಅದರಲ್ಲೇ ಕೆಂಪು ಪೆನ್ನಿನಲ್ಲಿ ಬರೆಯಿರಿ. ಹೊಸ ಕ್ಯಾಲೆಂಡರ್ ಬಂದ ದಿನವೇ ವರ್ಷದ್ದೆಲ್ಲ ಒಮ್ಮೆಗೆ ಬರೆದು ಮುಗಿಸಿ. ಪೆನ್ನಿಗೆ ಒಂದು ದಾರ ಕಟ್ಟಿ ಅದೇ ಮೊಳೆಗೆ ನೇತುಹಾಕಿ. ದಾರ ಇಲ್ಲದ ಪೆನ್ನು ಕ್ಯಾಲೆಂಡರ್ ಹತ್ತಿರ ಮೂರು ದಿನ ಉಳಿಯೋದಿಲ್ಲ, ಮಕ್ಕಳಿರುವ ಮನೆಯಲ್ಲಿ ಒಂದೇ ದಿನ.

ಬಿಲ್ಲುಗಳದ್ದು ಇನ್ನೊಂದು ಕಥೆ. ಅಂಗಡಿಯಲ್ಲಿ ಮಷಿನ್‌ನಿಂದ ಬರುವ ನುಣುಪು ಕಾಗದದ ಬಿಲ್ಲು ಶಾಖಕ್ಕೆ ಮಾಸುತ್ತದೆ. ವಿಜಯಪುರದ ಒಂದು ಬೇಸಿಗೆ ಸಾಕು, ತಗಡಿನ ಕಪಾಟಿನಲ್ಲಿಟ್ಟ ಬಿಲ್ಲು ಬಿಳಿ ಕಾಗದವಾಗಿರುತ್ತದೆ. ಮಿಕ್ಸರ್ ಕೆಟ್ಟಾಗ ವಾರಂಟಿ ಕೇಳಲು ಹೋದರೆ ಆ ಬಿಳಿ ಕಾಗದಕ್ಕೆ ಯಾರೂ ಬೆಲೆ ಕೊಡೋದಿಲ್ಲ. ಸಾಮಾನು ಮನೆಗೆ ತಂದು ಡಬ್ಬ ಬಿಚ್ಚುವ ಮುಂಚೆ ಬಿಲ್ಲಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ, ಕೆಳಗೆ "ಮಿಕ್ಸರ್ ಬಿಲ್ಲು" ಅಂತ ಬರೆಯಿರಿ. ಹುಡುಕಿದರೆ ಸಿಗಬೇಕಾದರೆ ಆ ಎರಡು ಶಬ್ದ ಬೇಕು.

ಕಪಾಟು ತೆಗೆದ ದಿನವೇ ಹಳೆಯ ಪಾಸ್‌ಬುಕ್‌ಗಳನ್ನೂ ನೋಡಿ. ಎರಡು ವರ್ಷ ಹಣ ಹಾಕದೆ ತೆಗೆಯದೆ ಬಿಟ್ಟ ಖಾತೆ ನಿಷ್ಕ್ರಿಯ ಆಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಅದರ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಗಲೂ ಅದು ನಿಮ್ಮದೇ, ದಾಖಲೆ ಕೊಟ್ಟು ಕೇಳಬಹುದು. 'ಉದ್ಗಮ್' ಅನ್ನುವ ರಿಸರ್ವ್ ಬ್ಯಾಂಕ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ಅಜ್ಜ ತೀರಿಹೋದ ಮನೆಗಳಲ್ಲಿ ಇದನ್ನು ಒಮ್ಮೆ ನೋಡಲೇಬೇಕು.

ಮೊಬೈಲಿನಲ್ಲಿ ತಾನಾಗಿ ಕಡಿತವಾಗುವ ದುಡ್ಡು, ಅಂದರೆ ಆಟೋಪೇ, ಅದೂ ಈ ಪಟ್ಟಿಗೇ ಸೇರುತ್ತದೆ. ಒಂದು ರೂಪಾಯಿಗೆ ಒಂದು ತಿಂಗಳು ಅಂತ ಶುರು ಮಾಡಿ ಬಿಟ್ಟ ಸಿನಿಮಾ ಆ್ಯಪ್‌ಗಳು. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಒಂದು ಕಡೆ ಇರುತ್ತದೆ, ತೆಗೆದು ನೋಡಿ, ನೋಡದಿರುವುದನ್ನು ರದ್ದು ಮಾಡಿ.

ಕರೆಂಟ್ ಬಿಲ್ಲಿನ ಎರಡು ಗೆರೆಗಳು

"ನಮಗೆ ಗೃಹಜ್ಯೋತಿ ಇದೆ, ಕರೆಂಟ್ ಪುಕ್ಕಟೆ" ಅಂತ ಮೋಟಾರ್ ಆನ್ ಮಾಡಿ ಧಾರಾವಾಹಿ ನೋಡುತ್ತಾ ಕೂರುವವರು ಈ ಭಾಗ ಸ್ವಲ್ಪ ನಿಧಾನಕ್ಕೆ ಓದಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಇಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿದಷ್ಟು ಪುಕ್ಕಟೆ. ತೀರಾ ಕಡಿಮೆ, 48 ಯೂನಿಟ್‌ಗಿಂತ ಒಳಗೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುತ್ತಾರೆ.

ಲೆಕ್ಕ ನೋಡಿ. ಸರಾಸರಿ 120 ಇದ್ದ ಮನೆಗೆ 132 ಪುಕ್ಕಟೆ. 150 ಉರಿಸಿದರೆ ಮೇಲಿನ 18ಕ್ಕೆ ದುಡ್ಡು ಕಟ್ಟಬೇಕು. ಅದು ಮೊದಲ ಗೆರೆ. ಎರಡನೇ ಗೆರೆ 200. ಅದನ್ನು ಒಂದೇ ಒಂದು ಯೂನಿಟ್ ದಾಟಿದರೂ ಪುಕ್ಕಟೆ ಅನ್ನೋದೇ ಹೋಯಿತು, ಆ ತಿಂಗಳ ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಹಿಡಿದು, ಮೇಲೆ ನಿಗದಿತ ಶುಲ್ಕ, ತೆರಿಗೆ ಸೇರಿಸಿದರೆ ಸಾವಿರದ ಮುನ್ನೂರಕ್ಕೂ ಜಾಸ್ತಿ. ಅದೇ ಒಂದು ಯೂನಿಟ್‌ಗೆ! ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್, ಫ್ಯಾನು, ಫ್ರಿಜ್ಜು ಎಲ್ಲ ಹಗಲು ರಾತ್ರಿ ಓಡುವಾಗ ಬಹಳ ಮನೆಗಳು ಈ ಗೆರೆಯ ಹತ್ತಿರವೇ ಇರುತ್ತವೆ.

ಹಾಗಾದರೆ ಸೋಮಾರಿತನ ಎಷ್ಟು ಯೂನಿಟ್ ತಿನ್ನುತ್ತದೆ? ಬಕೆಟ್‌ಗೆ ಹಾಕುವ ಹೀಟರ್ ಕಾಯಿಲ್ ಸಾಮಾನ್ಯವಾಗಿ 1,500 ವ್ಯಾಟ್ ಇರುತ್ತದೆ. ಒಂದು ಬಕೆಟ್ ನೀರು ಕಾಯಲು ಇಪ್ಪತ್ತು ನಿಮಿಷ ಸಾಕು. ಹಾಕಿ ಮರೆತು ದಿನಾ ಅರ್ಧ ಗಂಟೆ ಜಾಸ್ತಿ ಕಾಯಿಸಿದರೆ ತಿಂಗಳಿಗೆ 22 ಯೂನಿಟ್ ದಾಟುತ್ತದೆ. ಆಮೇಲೆ ಕುದಿಯುವ ನೀರಿಗೆ ಮತ್ತೆ ತಣ್ಣೀರು ಬೆರೆಸುತ್ತಾರೆ, ಅದು ಇನ್ನೂ ಚೆಂದ. ಒಂದು ಎಚ್‌ಪಿ ಮೋಟಾರ್ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್. ಟಾಕಿ ತುಂಬಿ ಮಾಳಿಗೆಯಿಂದ ನೀರು ಬೀಳುವ ಸಪ್ಪಳ ಕೇಳಿ, ಪಕ್ಕದ ಮನೆ ಕಾಕೂ ಕೂಗಿ, ಆಮೇಲೆ ಎದ್ದು ಬಂದ್ ಮಾಡುವವರು ದಿನಕ್ಕೆ ಕಾಲು ಗಂಟೆ ಸುಮ್ನೆ ಓಡಿಸಿದರೂ ತಿಂಗಳಿಗೆ 7 ಯೂನಿಟ್. ಟಿವಿ ಬಂದ್ ಮಾಡಿ ಸೆಟ್‌ಟಾಪ್ ಬಾಕ್ಸ್ ಹಾಗೇ ಬಿಟ್ಟರೆ, ಅದು 10 ವ್ಯಾಟ್ ಎಳೆಯುತ್ತಿದ್ದರೆ ಇನ್ನೊಂದು 7. ಒಟ್ಟು 36 ಯೂನಿಟ್. ಯಾರೂ ಸ್ನಾನ ಬಿಡಬೇಕಿಲ್ಲ, ಟಿವಿ ಬಿಡಬೇಕಿಲ್ಲ, ಅಷ್ಟೂ ಸುಮ್ನೆ ಹೋಗುವುದು.

ಮಾಡಬೇಕಾದ್ದು ಮೂರೇ. ಟಾಕಿಗೆ ಆಟೋಮ್ಯಾಟಿಕ್ ಕಟ್‌ಆಫ್ ಹಾಕಿಸಿ. ಒಮ್ಮೆ ಖರ್ಚು, ಆಮೇಲೆ ಜನ್ಮಪೂರ್ತಿ ಸೋಮಾರಿಯಾಗಿರಬಹುದು. ಕಾಯಿಲ್ ಹಾಕುವಾಗ ಮೊಬೈಲಿನಲ್ಲಿ ಇಪ್ಪತ್ತು ನಿಮಿಷದ ಅಲಾರಾಂ ಇಡಿ. ಟಿವಿ, ಸೆಟ್‌ಟಾಪ್ ಬಾಕ್ಸ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ, ಸ್ವಿಚ್ ಕೈಗೆ ಎಟಕುವ ಕಡೆ ಇರಲಿ. ಸೋಫಾ ಹಿಂದೆ ಬಗ್ಗಿ ಸ್ವಿಚ್ ಒತ್ತುವ ಮನುಷ್ಯ ನಮ್ಮ ಮೂರು ಜಿಲ್ಲೆಗಳಲ್ಲಿ ಇಲ್ಲ.

ಇದರ ಜೊತೆ, ಮೀಟರ್ ರೀಡಿಂಗ್ ಆಗಿ ಹದಿನೈದು ದಿನಕ್ಕೆ ನೀವೇ ಒಮ್ಮೆ ಮೀಟರ್ ನೋಡಿ, ಹಳೆ ಬಿಲ್ಲಿನ ಅಂಕಿ ಕಳೆಯಿರಿ. 100ರ ಹತ್ತಿರ ಬಂದಿದ್ದರೆ ಉಳಿದ ಹದಿನೈದು ದಿನ ಕೈ ಬಿಗಿ ಮಾಡಿ. ಬಾಡಿಗೆ ಮನೆ ಬದಲಿಸಿದವರು ಹಳೆ ಮನೆಯ ಮೀಟರ್‌ನಿಂದ ಆಧಾರ್ ಬಿಡಿಸಿಕೊಂಡು ಹೊಸದಕ್ಕೆ ಜೋಡಿಸಬೇಕು. ಅದು ಮಾಡದೆ ತಿಂಗಳುಗಟ್ಟಲೆ ಬಿಲ್ಲು ಕಟ್ಟುತ್ತಿರುವವರು ಇದ್ದಾರೆ.

ವರ್ಷದ ಕಾಳು

ಜೋಳದ ವಿಷಯಕ್ಕೆ ಬರೋಣ. ಫೆಬ್ರುವರಿ, ಮಾರ್ಚ್‌ನಲ್ಲಿ ಹಿಂಗಾರಿ ಜೋಳ ಬಂದಾಗ ವರ್ಷಕ್ಕಾಗುವಷ್ಟು ಕೊಳ್ಳೋದು ನಮ್ಮ ಕಡೆಯ ರೂಢಿ. ಒಳ್ಳೆಯ ರೂಢಿ. ಕಿರಾಣಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತರುವುದಕ್ಕಿಂತ ಅಗ್ಗ. ಆದರೆ ಚೀಲ ತಂದು ಮೂಲೆಗೆ ತಳ್ಳಿ "ಬಿಸಿಲಿಗೆ ಆಮೇಲೆ ಹಾಕೋಣ" ಅಂದರೆ ಆ ಉಳಿತಾಯ ಪೂರ್ತಿ ನುಸಿಗೆ ಹೋಗುತ್ತದೆ. ಮಳೆ ಶುರುವಾದ ಮೇಲೆ ಚೀಲದೊಳಗೆ ಕೈ ಹಾಕಿದರೆ ಬಿಸಿ ತಾಗುತ್ತದೆ, ಹಿಟ್ಟಿನಂಥ ಪುಡಿ ಬೆರಳಿಗೆ ಅಂಟುತ್ತದೆ. ಕಾಳು ಹಿಡಿದು ಊದಿದರೆ ಹಾರುತ್ತದೆ, ಒಳಗೆ ಏನೂ ಇಲ್ಲ, ಬರೀ ಸಿಪ್ಪೆ. ಅದನ್ನು ಗಿರಣಿಗೆ ಒಯ್ದು ರೊಟ್ಟಿ ಮಾಡಿದರೆ ಕಹಿ.

ತಂದ ವಾರದಲ್ಲೇ ಮಾಳಿಗೆ ಮೇಲೆ ಹರವಿ ಒಣಗಿಸಿ. ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡಿ, ಕಟ್ ಅಂತ ಒಡೆಯಬೇಕು, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. ಒಣಗಿದ ತಕ್ಷಣ ಬಿಸಿ ಬಿಸಿ ತುಂಬಬೇಡಿ, ಆರಲಿ. ತಗಡಿನ ಡಬ್ಬಿಯೋ ಪ್ಲಾಸ್ಟಿಕ್ ಡ್ರಮ್ಮೋ, ಮೊದಲು ಹಳೆ ಕಾಳಿನ ಪುಡಿ ಒಂದಿಷ್ಟೂ ಉಳಿಯದ ಹಾಗೆ ಒರೆಸಿ. ನುಸಿ ಬರೋದೇ ಅಲ್ಲಿಂದ. ನಡುನಡುವೆ ಒಣಗಿದ ಬೇವಿನ ಎಲೆ ಹಾಕಿ. ಚೀಲದಲ್ಲೇ ಇಡುವವರು ಕೆಳಗೆ ಹಲಗೆ ಹಾಕಿ, ಗೋಡೆಗೆ ತಾಗಿಸಬೇಡಿ. ಹಳೇ ಜೋಳದ ಮೇಲೆ ಹೊಸ ಜೋಳ ಸುರಿಯೋದು ಮಾತ್ರ ಯಾವತ್ತೂ ಬೇಡ.

ತೊಗರಿ ಬೇಳೆಗೆ ಒಂದಿಷ್ಟು ಔಡಲೆಣ್ಣೆ (ಹರಳೆಣ್ಣೆ) ಸವರಿ ಇಡೋದು ಅಜ್ಜಿಯರ ಕಾಲದ್ದು, ಇವತ್ತಿಗೂ ನಡೆಯುತ್ತದೆ. ಇಡೀ ಕಾಳಿಗೆ ಹುಳ ಬೇಗ ಬೀಳುತ್ತದೆ, ಬೇಳೆ ಮಾಡಿಸಿದ್ದಕ್ಕೆ ಅಷ್ಟು ಬೀಳೋದಿಲ್ಲ. ಇಷ್ಟೆಲ್ಲ ಮಾಡೋಕೆ ಆಗದ ಮನೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಮಾಳಿಗೆ ಇಲ್ಲದ ಬಾಡಿಗೆ ಮನೆ, ವರ್ಷದ್ದು ಕೊಳ್ಳಲೇಬೇಡಿ. ಎರಡು ತಿಂಗಳದ್ದು ಕೊಳ್ಳಿ. ಕಿಲೋಗೆ ಸ್ವಲ್ಪ ಜಾಸ್ತಿ ಹೋದರೂ ನುಸಿಗೆ ಹಾಕುವುದಕ್ಕಿಂತ ಕಡಿಮೆಯೇ.

ಹಿಟ್ಟು ಬೀಸಿಸುವಾಗಲೂ ಅಷ್ಟೇ. ಗಿರಣಿಗೆ ಪದೇ ಪದೇ ಹೋಗೋಕೆ ಬೇಸರ ಅಂತ ತಿಂಗಳುಗಟ್ಟಲೆ ಸಾಲುವಷ್ಟು ಬೀಸಿಸಿದರೆ ಹಿಟ್ಟಿನ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಇಂಡಿ ಕಡೆಯ ನಿಂಬೆಹಣ್ಣು ಮಳೆಗಾಲದಲ್ಲಿ ಅಗ್ಗ, ಬೇಸಿಗೆಯಲ್ಲಿ ಮುಟ್ಟೋಕಾಗಲ್ಲ. ಉಪ್ಪಿನಕಾಯಿ ಹಾಕುವುದು ಯಾವಾಗ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಇದ್ದದ್ದನ್ನೇ ಮತ್ತೆ ಕೊಳ್ಳುವುದು

ಯಾವುದೇ ಅಡುಗೆಮನೆಯ ಮೇಲಿನ ಹಲಗೆ ತೆಗೆದು ನೋಡಿ. ರಬ್ಬರ್ ಬ್ಯಾಂಡ್ ಹಾಕಿದ ಸಾಸಿವೆ ಪಾಕೀಟು ಮೂರು ಇರುತ್ತವೆ, ಮೂರೂ ಅರ್ಧರ್ಧ. ಒಂದರ ರಬ್ಬರ್ ಬ್ಯಾಂಡ್ ಬಿಸಿಲಿಗೆ ಕರಗಿ ಪಾಕೀಟಿಗೇ ಅಂಟಿರುತ್ತದೆ. ನಾಲ್ಕನೆಯದು ತರಲು ಹೋದಾಗ ಅಂಗಡಿಯವನೇ ಕೇಳುತ್ತಾನೆ, "ಯಾಕ್ರೀ ಅಕ್ಕಾರ, ಹೋದ ವಾರನ ಒಯ್ದಿದ್ರಲ್ಲಾ?" ಇದಕ್ಕೆ ಮದ್ದು ಸುಲಭ. ಯಾವ ಸಾಮಾನಿಗೂ ಪಾಕೀಟಿನ ಜಾಗ ಇಲ್ಲ, ಡಬ್ಬಿಯ ಜಾಗ ಮಾತ್ರ. ಡಬ್ಬಿಗೆ ಹಿಡಿಸದಷ್ಟು ತರಬೇಡಿ. ಹಲಗೆ ಮುಂದೆ ಒಂದೇ ಸಾಲು, ಹಿಂದೆ ಇನ್ನೊಂದು ಸಾಲು ಬೇಡ. ಕಾಣದ ಸಾಮಾನು ಇಲ್ಲದ ಸಾಮಾನೇ.

ಕತ್ತರಿ, ಟೇಪು, ಚಾರ್ಜರ್ ವೈರು, ಟಾರ್ಚು, ಇವಕ್ಕೂ ಇದೇ ರೋಗ. ಹುಡುಕಿ ಸಿಗದೆ ಇನ್ನೊಂದು ತರುತ್ತಾರೆ, ತಂದ ಮಾರನೇ ದಿನ ಹಳೆಯದು ಸಿಗುತ್ತದೆ. ಕತ್ತರಿಗೆ ಒಂದು ಮೊಳೆ, ಅಷ್ಟೇ.

ತರಕಾರಿ ಸಂತೆ ದಿನವೇ ತನ್ನಿ, ಆದರೆ ಹೋಗುವ ಮುಂಚೆ ಮನೆಯ ಬುಟ್ಟಿಯ ಫೋಟೋ ತೆಗೆದುಕೊಂಡು ಹೋಗಿ. ಚೀಟಿ ಬರೆಯೋಕೆ ಬೇಸರದವರಿಗೆ ಇದೇ ಚೀಟಿ. ಉಳ್ಳಾಗಡ್ಡಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಇಟ್ಟರೆ ಆಲೂಗಡ್ಡೆ ಬೇಗ ಮೊಳೆಯುತ್ತದೆ. ಬೇರೆ ಬೇರೆ ಇಡಿ, ಗಾಳಿ ಆಡಲಿ.

ಇನ್ನು, ಸಂಜೆ ಸುಸ್ತಾಗಿ ಬಂದು ಅಡುಗೆ ಬೇಸರವಾಗಿ ಮೊಬೈಲಿನಲ್ಲಿ ಊಟ ತರಿಸೋದು. ಇದನ್ನು ತಪ್ಪು ಅನ್ನೋದಿಲ್ಲ. ವಾರಕ್ಕೊಮ್ಮೆ ಖಾನಾವಳಿ ಊಟವೂ ಬೇಕು. ಆದರೆ ನಮ್ಮ ಕಡೆ ಸುಸ್ತಾದ ಸಂಜೆಗೆಂದೇ ಒಂದು ಏರ್ಪಾಡು ಮೊದಲಿಂದಲೂ ಇದೆ: ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ. ಒಲೆ ಹಚ್ಚುವ ಕೆಲಸವೇ ಇಲ್ಲ. ಮನೆಯಲ್ಲಿ ಬಡಿಯೋಕೆ ಆಗದಿದ್ದರೆ ರೊಟ್ಟಿ ಮಾಡಿ ಮಾರುವ ಅಕ್ಕಂದಿರು ಪ್ರತಿ ಊರಲ್ಲೂ ಇದ್ದಾರೆ. ಒಂದು ಡಬ್ಬಿ ತುಂಬಿಸಿಡಿ. ಒಂದು ಸಂಜೆಯ ಲೆಕ್ಕ ಹಾಕಿದರೆ ತರಿಸುವ ಊಟಕ್ಕಿಂತ ಅಗ್ಗವೇ.

ಕೂಲರ್, ನಳ ಮತ್ತು ಸಣ್ಣಪುಟ್ಟವು

ಜೂನ್‌ನಲ್ಲಿ ಮಳೆ ಬಿದ್ದ ದಿನ ಕೂಲರ್ ಮೂಲೆಗೆ ಸರಿಯುತ್ತದೆ, ಒಳಗೆ ನೀರು ಹಾಗೇ. ನಮ್ಮ ಬೋರಿನ ಸವಳು ನೀರು ಆ ಪ್ಯಾಡಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಕಬ್ಬಿಣದ ತಳ ತುಕ್ಕು ಹಿಡಿದು ತೂತು ಬೀಳುತ್ತದೆ, ಪಂಪು ಹಿಡಿದುಬಿಡುತ್ತದೆ. ಮುಂದಿನ ಮಾರ್ಚ್‌ನಲ್ಲಿ ರಿಪೇರಿಯವನ ಮುಂದೆ ಸರದಿ ನಿಲ್ಲಬೇಕು, ಆಗ ಅವನು ಹೇಳಿದ್ದೇ ರೇಟ್. ನೀರು ಬಸಿದು, ಒಂದು ದಿನ ಬಿಸಿಲಿಗಿಟ್ಟು, ಪಂಪು ಬಿಚ್ಚಿ ಒರೆಸಿ, ಹಳೆ ಸೀರೆ ಹೊದಿಸಿ ಇಟ್ಟರೆ ಆಯಿತು. ಹುಲ್ಲಿನ ಪ್ಯಾಡು ಬದಲಿಸುವುದಿದ್ದರೆ ಸಂಕ್ರಮಣ ಮುಗಿದ ಕೂಡಲೇ ಕೊಳ್ಳಿ, ಹೋಳಿ ಹುಣ್ಣಿಮೆ ಆದಮೇಲೆ ಎಲ್ಲರೂ ಅದೇ ಅಂಗಡಿಯಲ್ಲಿರುತ್ತಾರೆ.

ಸೋರುವ ನಳ ಸೆಕೆಂಡಿಗೆ ಒಂದು ಹನಿಯಂತೆ ಬಿಟ್ಟರೆ ದಿನಕ್ಕೆ ಇಪ್ಪತ್ತು ಲೀಟರ್ ಹತ್ತಿರ. ನೀರು ದಿನಾ ಬಾರದ ಓಣಿಯಲ್ಲಿ ಅದು ಒಬ್ಬರ ಸ್ನಾನ. ಒಂದು ವಾಷರ್‌ಗೆ ಎಷ್ಟು, ಕಡಲೆಕಾಯಿ ದುಡ್ಡು. ಬೈಕಿನ ಚಕ್ರಕ್ಕೆ ಗಾಳಿ ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ, ಹಾಕಿಸದೆ ಓಡಿಸಿದರೆ ಪೆಟ್ರೋಲೂ ಟೈರೂ ಎರಡೂ ಬೇಗ ಮುಗಿಯುತ್ತವೆ.

ಇವೆಲ್ಲ ಯಾರು ಮಾಡಬೇಕು? ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ, ಯಾಕಂದ್ರೆ ಬಹಳ ಮನೆಗಳಲ್ಲಿ ಸೋಮಾರಿತನ ಅಂತ ಕಾಣೋದು ಅಸಲಿಗೆ "ಅದು ನನ್ನ ಕೆಲಸ ಅಂದ್ಕೊಂಡಿರಲಿಲ್ಲ" ಅನ್ನೋದೇ. ಅಡುಗೆಮನೆಯ ಹಲಗೆ ನೋಡಿ ಹೆಂಡತಿಗೆ ಬೈಯುವ ಗಂಡಸರು ತಮ್ಮ ಪಾಲಿನ ಕಾಗದದ ಕಪಾಟು ಒಮ್ಮೆ ತೆಗೆದು ನೋಡಲಿ. ಸಾಸಿವೆ ಪಾಕೀಟು ಮೂರಲ್ಲ, ಮೂವತ್ತು ಇದ್ದರೂ ಒಂದು ಇನ್ಶೂರೆನ್ಸ್ ದಂಡಕ್ಕೆ ಸಮ ಆಗೋದಿಲ್ಲ. ಕಾಗದ ಒಬ್ಬರು, ಮೀಟರ್ ಒಬ್ಬರು, ಕಾಳು ಒಬ್ಬರು ಅಂತ ಹಂಚಿಕೊಳ್ಳಿ, ಹೆಸರನ್ನೂ ಕ್ಯಾಲೆಂಡರ್ ಮೇಲೆ ಬರೆಯಿರಿ. ಮೀಟರ್ ನೋಡುವ ಕೆಲಸ ಐದನೇ ಕ್ಲಾಸಿನ ಮಕ್ಕಳಿಗೆ ಕೊಡಿ, ಕಳೆಯುವ ಲೆಕ್ಕವೂ ಬಂದಂತಾಯಿತು, ದೊಡ್ಡವರು ಮರೆತರೂ ಅವರು ಮರೆಯೋದಿಲ್ಲ.

ಉಳಿದದ್ದಕ್ಕೆ ಧಾರಾಳವಾಗಿ ಸೋಮಾರಿಗಳಾಗಿರಿ. ಬೆಡ್‌ಶೀಟಿಗೆ ಇಸ್ತ್ರಿ ಬೇಡ. ಮನೆಯಲ್ಲಿ ಉಡುವ ಬಟ್ಟೆ ಮಡಚದೆ ಬುಟ್ಟಿಯಲ್ಲೇ ಇರಲಿ. ನೆಂಟರು ಬರುವ ಮುಂಚೆ ಒಂದು ಗಂಟೆಯಲ್ಲಿ ಏನು ಸಾಧ್ಯವೋ ಅಷ್ಟೇ ಸ್ವಚ್ಛ ಸಾಕು. ಸ್ಟೀಲ್ ಡಬ್ಬಿ ಹೊಳೆಯದಿದ್ದರೆ ಒಳಗಿನ ಬೇಳೆಗೆ ಏನೂ ಆಗೋದಿಲ್ಲ.